‘ಸಿಲ್ಲಿ’ ಎಂಬ ಶಬ್ದದ ಕಥೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇದನ್ನು ಓದುತ್ತಿರುವವರಿಗೆ ನನ್ನ ಕೆಂಪು ಶಾಯಿಯ ಪೆನ್ನು ನೆನಪಿರಲೇಬೇಕು. ಕಾಂಪೊಸಿಷನ್ ಪುಸ್ತಕಗಳ ಅಂಚಿನಲ್ಲಿ ಆ ಪೆನ್ನು ಮೂರೋ ನಾಲ್ಕೋ ಮಾತುಗಳನ್ನು ಮಾತ್ರ ಬರೆಯುತ್ತಿತ್ತು. ಚೆನ್ನಾಗಿದ್ದರೆ ‘ಗುಡ್’, ಅಕ್ಷರ ಕೆಟ್ಟಿದ್ದರೆ ‘ಇಂಪ್ರೂವ್ ಹ್ಯಾಂಡ್‌ರೈಟಿಂಗ್’, ತಪ್ಪು ತೀರ ಸಣ್ಣದೆಂದು ನನಗೆ ತೋರಿದರೆ ‘ಸಿಲ್ಲಿ’. ಇವುಗಳಲ್ಲಿ ಕೊನೆಯದನ್ನೇ ಅತಿ ಹೆಚ್ಚು ಸಲ ಬರೆದಿದ್ದೇನೆಂದು ತೋರುತ್ತದೆ. ಬೈಗುಳವೆಂದು ನಾನು ಅದನ್ನು ಎಂದೂ ಭಾವಿಸಿರಲಿಲ್ಲ. ‘ಮೂರ್ಖ’ ಎಂದರೆ ಕಠಿಣವಾಗುತ್ತದೆ, ‘ದಡ್ಡ’ ಎಂದರೆ ಮಗು ನೊಂದುಕೊಳ್ಳುತ್ತದೆ. ‘ಸಿಲ್ಲಿ’ ಎಂದರೆ ತಲೆಯ ಮೇಲೆ ಮೆಲ್ಲಗೆ ಒಂದು ಮೊಟಕಿದಂತೆ, ಅಷ್ಟೆ ಎಂದು ನಂಬಿದ್ದೆ.

ಈ ಶಬ್ದವೀಗ ಕನ್ನಡದ್ದೇ ಆಗಿಬಿಟ್ಟಿದೆ. ಇಂಗ್ಲಿಷಿನ ಗಂಧವಿಲ್ಲದ ಮನೆಗಳಲ್ಲಿಯೂ ತಾಯಂದಿರು “ಎಲ್ಲ ಬರುತ್ತೆ ಸಾರ್ ಅವನಿಗೆ, ಸಿಲ್ಲಿ ಮಿಸ್ಟೇಕ್ ಮಾಡಿ ಮಾರ್ಕ್ಸ್ ಕಳ್ಕೋತಾನೆ” ಎನ್ನುವುದನ್ನು ಮೂವತ್ತೈದು ವರ್ಷ ಕೇಳಿದ್ದೇನೆ. 2000ರ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಪ್ರಸಾರವಾದ ‘ಸಿಲ್ಲಿ ಲಲ್ಲಿ’ ಎಂಬ ಹಾಸ್ಯ ಧಾರಾವಾಹಿಯ ಹೆಸರನ್ನು ಯಾರಿಗೂ ಅನುವಾದಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ಬಳಕೆಯ ಶಬ್ದದ ಚರಿತ್ರೆಯನ್ನು ಇಂಗ್ಲಿಷ್ ಪಾಠ ಹೇಳಿದ ನಾನು ನಿವೃತ್ತನಾಗುವವರೆಗೂ ವಿಚಾರಿಸಲಿಲ್ಲವೆಂಬುದು ನಾಚಿಕೆಯ ಸಂಗತಿ. ವಿಚಾರಿಸುವಂತೆ ಮಾಡಿದವನು ಒಬ್ಬ ಹಳೆಯ ವಿದ್ಯಾರ್ಥಿ.

ಕಳೆದ ವರ್ಷ ಆತ ತನ್ನ ಮಗಳ ಮದುವೆಗೆ ಕರೆಯಲು ಪತ್ನೀಸಮೇತನಾಗಿ ಮನೆಗೆ ಬಂದಿದ್ದ. ನಾನು ಮೊಮ್ಮಗನ ಲೆಕ್ಕದ ಪುಸ್ತಕ ನೋಡುತ್ತಿದ್ದೆ. ಕೂಡುವಲ್ಲಿ ದಶಕ ತಪ್ಪಿಸಿದ್ದ ಹುಡುಗನಿಗೆ ಎಂದಿನಂತೆ “ಸಿಲ್ಲಿ ಮಿಸ್ಟೇಕ್ ಕಣೋ” ಎಂದೆ. ಬಂದಾತ ನಕ್ಕು, “ಸಾರ್, ಆ ಮಾತನ್ನ ನನ್ನ ಮೇಲೆ ಬಹಳ ಖರ್ಚು ಮಾಡಿದ್ದೀರಿ ನೀವು” ಎಂದ. ನಾನೂ ನಕ್ಕೆ. ಆಮೇಲೆ, ಕುಂಕುಮ ಕೊಡಲು ಪತ್ನಿ ಒಳಗೆ ಹೋಗಿದ್ದಾಗ, ಆತ ಒಂದು ಸಂಗತಿಯನ್ನು ಹೇಳಿದ.

ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ ‘ಮೈ ಫಾದರ್’ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆಯಲು ಹೇಳಿದ್ದೆನಂತೆ. ಬರೆದ. ನಾನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಶಬ್ದ ಬರೆದು ಕೊಟ್ಟೆ. ಶಬ್ದದ ಅರ್ಥ ಅವನಿಗೆ ತಿಳಿಯದು. ಮೇಷ್ಟ್ರು ಕೈಯಾರೆ ಬರೆದಿದ್ದಾರೆಂದರೆ ಮೆಚ್ಚುಗೆಯೇ ಇರಬೇಕೆಂದು ಪುಸ್ತಕವನ್ನು ತಂದೆಗೆ ತೋರಿಸಿದ. ಅಕ್ಷರ ಬಾರದ ಆ ತಂದೆ, ತನ್ನ ಮೇಲೆಯೇ ಮಗ ಇಂಗ್ಲಿಷಿನಲ್ಲಿ ಬರೆದಿದ್ದಾನೆಂಬ ಹೆಮ್ಮೆಯಿಂದ ಪುಸ್ತಕವನ್ನು ಊರಿನ ಅಂಚೆಯಣ್ಣನ ಹತ್ತಿರ ಒಯ್ದು, “ಮೇಷ್ಟ್ರು ಏನು ಬರೆದಿದ್ದಾರೆ ಓದಿ ಹೇಳಿ” ಎಂದು ಕೇಳಿದರು. ಅವರು ಓದಿ, “ಪೆದ್ದ ಅಂತ ಬರೆದಿದ್ದಾರೆ” ಎಂದರು. ಇವನು ಪಕ್ಕದಲ್ಲಿಯೇ ನಿಂತಿದ್ದ. ತಂದೆ ಏನೂ ಅನ್ನಲಿಲ್ಲ, ಪುಸ್ತಕ ಮುಚ್ಚಿ ಮಗನ ಕೈಗೆ ಕೊಟ್ಟರು. “ಆಮೇಲೆ ನಾನು ಇಂಗ್ಲಿಷ್ ಪುಸ್ತಕ ಅಪ್ಪನಿಗೆ ತೋರಿಸಲಿಲ್ಲ ಸಾರ್” ಎಂದು, ಹವಾಮಾನದ ಮಾತಾಡಿದಷ್ಟು ಸಹಜವಾಗಿ ಹೇಳಿ ಕಾಫಿ ಕುಡಿದ.

ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ‘ಪೆದ್ದ’ ಎಂಬುದು ಸರಿಯಾದ ಅನುವಾದವಲ್ಲವೆಂದು ಸಾಧಿಸಲೋ ಏನೋ, ನಿಘಂಟುಗಳನ್ನು ತೆರೆದು ಕುಳಿತೆ. ಅಲ್ಲಿ ದೊರೆತ ಕಥೆ ನಾನು ಊಹಿಸಿದ್ದಕ್ಕಿಂತ ದೊಡ್ಡದು.

ನಮಗೆ ಹಳಗನ್ನಡ, ನಡುಗನ್ನಡ, ಹೊಸಗನ್ನಡವಿರುವಂತೆ ಇಂಗ್ಲಿಷಿಗೂ ಮೂರು ಅವಸ್ಥೆಗಳಿವೆ. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಸೇಲ್’ ಎಂಬ ನಾಮಪದವಿತ್ತು. ಸಕಾಲ, ಒಳ್ಳೆಯ ಸಮಯ, ಅದೃಷ್ಟ, ಸಂತೋಷ ಎಂಬ ಅರ್ಥಗಳು ಅದಕ್ಕಿದ್ದವು. ಅದರಿಂದ ಹುಟ್ಟಿದ ಗುಣವಾಚಕ ‘ಸೇಲಿಗ್’. ಎಂದರೆ ಭಾಗ್ಯವಂತ, ಸುಖಿ, ದೇವರ ಅನುಗ್ರಹವನ್ನು ಪಡೆದವನು. ನಮ್ಮ ಹಿರಿಯರು “ಒಳ್ಳೆಯ ಗಳಿಗೆಯಲ್ಲಿ ಹುಟ್ಟಿದ ಪುಣ್ಯಾತ್ಮ” ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಭಾವ. ಈ ‘ಸೇಲಿಗ್’ ಶಬ್ದವೇ ಸವೆದು ಸವೆದು ಇಂದಿನ ‘ಸಿಲ್ಲಿ’ಯಾಗಿದೆ.

ನಂಬುವುದು ಕಷ್ಟವೆನಿಸಿದರೆ ಜರ್ಮನ್ ಭಾಷೆಯನ್ನು ನೋಡಬೇಕು. ಇಂಗ್ಲಿಷ್ ಮತ್ತು ಜರ್ಮನ್ ಒಂದೇ ಮನೆತನದ ದಾಯಾದಿಗಳು. ಜರ್ಮನ್ ಶಾಖೆಯಲ್ಲಿ ಇದೇ ಶಬ್ದ ‘ಜೇಲಿಗ್’ ಎಂಬ ರೂಪದಲ್ಲಿ ಇಂದಿಗೂ ಜೀವಂತವಾಗಿದೆ. ಇಂದಿಗೂ ಅದರ ಅರ್ಥ ‘ಧನ್ಯ’ ಎಂದೇ. ಮಾರ್ಟಿನ್ ಲೂಥರ್ 1522ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದಾಗ, ಯೇಸುವಿನ ಗಿರಿಪ್ರವಚನದಲ್ಲಿ ದೀನರನ್ನೂ ದುಃಖಿತರನ್ನೂ ಶಾಂತರನ್ನೂ ‘ಧನ್ಯರು’ ಎಂದು ಕರೆಯುವೆಡೆಯಲ್ಲಿ ಬಳಸಿದ್ದು ಈ ಶಬ್ದವನ್ನೇ. ಗತಿಸಿದ ಹಿರಿಯರನ್ನು ಕುರಿತು ನಾವು ‘ಕೈಲಾಸವಾಸಿ’ ಎನ್ನುವಂತೆ ಹಳಬರಾದ ಜರ್ಮನರು ತೀರಿಕೊಂಡ ತಂದೆಯ ಹೆಸರಿನೊಂದಿಗೆ ಇದೇ ಪದವನ್ನು ಸೇರಿಸುತ್ತಾರೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ದೇವರ ಗುಡಿಯಲ್ಲಿ ಉಳಿದ, ಇನ್ನೊಬ್ಬ ನಮ್ಮ ಕಾಂಪೊಸಿಷನ್ ಪುಸ್ತಕದ ಅಂಚಿಗೆ ಬಂದು ಬಿದ್ದ.

ಬಿದ್ದದ್ದು ಒಂದೇ ದಿನದಲ್ಲಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಸುಮಾರು ಐದು ನೂರು ವರ್ಷಗಳ ಕಾಲ. ಮಧ್ಯಕಾಲದ ಇಂಗ್ಲಿಷಿನಲ್ಲಿ ಶಬ್ದದ ರೂಪ ‘ಸೀಲಿ’ ಎಂದಾಯಿತು. ಮೊದಲು ದೇವರ ಕೃಪೆಗೆ ಪಾತ್ರನಾದವನು ಎಂಬ ಅರ್ಥ. ಕೃಪೆಗೆ ಪಾತ್ರನಾದವನು ಪಾಪವರಿಯದವನು, ಆದುದರಿಂದ ‘ನಿರಪರಾಧಿ, ಯಾರಿಗೂ ಕೇಡು ಮಾಡದವನು’ ಎಂಬುದು ಎರಡನೆಯ ಅರ್ಥ. ಕೇಡು ಮಾಡದವನನ್ನು ಲೋಕ ಸುಮ್ಮನೆ ಬಿಡುವುದಿಲ್ಲ. ಅವನು ಪೆಟ್ಟು ತಿನ್ನುತ್ತಾನೆ. ಆದುದರಿಂದ ‘ಕನಿಕರಕ್ಕೆ ಅರ್ಹನಾದವನು’ ಎಂಬುದು ಮೂರನೆಯದು. ಕನಿಕರ ಪಡೆಯುವವನು ದುರ್ಬಲನೇ ಆಗಿರಬೇಕು, ಆದುದರಿಂದ ‘ಬಲಹೀನ, ಅಸಹಾಯಕ’ ಎಂಬುದು ನಾಲ್ಕನೆಯದು. ದೇಹದ ದೌರ್ಬಲ್ಯವನ್ನು ಬುದ್ಧಿಗೂ ಆರೋಪಿಸಿ ‘ಬುದ್ಧಿಹೀನ’ ಎಂಬ ಐದನೆಯ ಅರ್ಥ ಹದಿನಾರನೆಯ ಶತಮಾನದಲ್ಲಿ ನೆಲೆಯಾಯಿತು. ಪ್ರತಿ ಮೆಟ್ಟಿಲೂ ಅದರ ಮೇಲಿನದಕ್ಕೆ ಎಷ್ಟು ಹತ್ತಿರವೆಂದರೆ ಇಳಿಯುತ್ತಿದ್ದೇವೆಂದೇ ಯಾರಿಗೂ ಅನ್ನಿಸಿರಲಾರದು. ಮೊದಲ ಮೆಟ್ಟಿಲನ್ನೂ ಕೊನೆಯದನ್ನೂ ಒಟ್ಟಿಗೆ ನೋಡಿದಾಗಲೇ ಎದೆ ಝಲ್ಲೆನ್ನುವುದು.

ಈ ಇಳಿತದ ನಡುವೆ ನಿಂತು ಶಬ್ದವನ್ನು ಬಳಸಿದವರಲ್ಲಿ ಹದಿನಾಲ್ಕನೆಯ ಶತಮಾನದ ಕವಿ ಛಾಸರ್ ಒಬ್ಬ. ಅವನ ‘ಕ್ಯಾಂಟರ್‌ಬರಿ ಟೇಲ್ಸ್’ ಕಾವ್ಯದಲ್ಲಿ ಗಿರಣಿಯವನು ಹೇಳುವ ಕಥೆಯೊಂದಿದೆ. ಅದರಲ್ಲಿ ಜಾನ್ ಎಂಬ ವಯಸ್ಸಾದ ಬಡಗಿ ಬರುತ್ತಾನೆ. ಮನೆಯಲ್ಲಿ ಬಾಡಿಗೆಗಿದ್ದ ಓದಿದ ಹುಡುಗನೊಬ್ಬ, ನೋಹನ ಕಾಲದಂಥ ಪ್ರಳಯ ಬರಲಿದೆಯೆಂದು ಅವನನ್ನು ನಂಬಿಸಿ, ಮಾಡಿನಿಂದ ತೂಗುಹಾಕಿದ ತೊಟ್ಟಿಯಲ್ಲಿ ಮಲಗಿಸಿ, ಬೆನ್ನ ಹಿಂದೆ ಮೋಸ ಮಾಡುತ್ತಾನೆ. ಈ ಬಡಗಿಯನ್ನು ಛಾಸರ್ ಮತ್ತೆ ಮತ್ತೆ ‘ಸೀಲಿ’ ಎಂದು ಕರೆಯುತ್ತಾನೆ. ದೈವಭಕ್ತನೆಂದೇ, ಪಾಪದವನೆಂದೇ, ಪೆದ್ದನೆಂದೇ? ಮೂರೂ ಸರಿಹೊಂದುತ್ತವೆ. ಪ್ರಳಯದ ಸುದ್ದಿ ಕೇಳಿ ಬಡಗಿ ಮೊದಲು ಚಿಂತಿಸುವುದು ತನ್ನ ಪ್ರಾಣಕ್ಕಾಗಿ ಅಲ್ಲ, ಹೆಂಡತಿಯ ಪ್ರಾಣಕ್ಕಾಗಿ. ಆದರೂ ಕೊನೆಯಲ್ಲಿ ಊರೆಲ್ಲ ಸೇರಿ ನಗುವುದು ಅವನನ್ನು ನೋಡಿಯೇ.

ಇನ್ನು ಎರಡು ನೂರು ವರ್ಷ ಕಳೆದು, 1590ರ ದಶಕದ ಷೇಕ್ಸ್‌ಪಿಯರನಿಗೆ ಬಂದರೆ ಹಳೆಯ ಅರ್ಥ, ಹೊಸ ಅರ್ಥ ಎರಡೂ ಅಕ್ಕಪಕ್ಕದಲ್ಲಿ ಕುಳಿತಿವೆ. ‘ಟೂ ಜಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿ ಕಾಡಿನ ಕಳ್ಳರು ವ್ಯಾಲೆಂಟೈನನನ್ನು ತಮ್ಮ ನಾಯಕನಾಗೆಂದು ಕೇಳಿದಾಗ, ‘ಸಿಲ್ಲಿ’ ಹೆಂಗಸರಿಗೂ ಬಡ ದಾರಿಹೋಕರಿಗೂ ತೊಂದರೆ ಕೊಡುವುದಿಲ್ಲವೆಂದರೆ ಮಾತ್ರ ಎಂದು ಅವನು ಷರತ್ತು ಹಾಕುತ್ತಾನೆ. ಅಲ್ಲಿ ಆ ಶಬ್ದಕ್ಕೆ ‘ಅಬಲೆಯರು’ ಎಂದರ್ಥವೇ ಹೊರತು ಹೆಂಗಸರ ಬುದ್ಧಿಯ ಮೇಲೆ ಟೀಕೆಯಲ್ಲ. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಾದರೋ ಕುಶಲಕರ್ಮಿಗಳು ಅರಮನೆಯಲ್ಲಿ ಆಡುವ ನಾಟಕವನ್ನು ನೋಡಿ ರಾಣಿ ಹಿಪ್ಪೊಲಿಟಾ ಇದೇ ಶಬ್ದದಿಂದ ಹಳಿಯುವಾಗ, ಅರ್ಥ ಇಂದಿನದೇ. ಷೇಕ್ಸ್‌ಪಿಯರನನ್ನು ಓದುವ ಮಕ್ಕಳು ಮೊದಲನೆಯದನ್ನು ಎರಡನೆಯದರ ಅರ್ಥದಲ್ಲಿ ಓದಿ ತಪ್ಪು ತಿಳಿಯುತ್ತಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ.

ಇಂಗ್ಲೆಂಡಿನ ಸಫಕ್ ಪ್ರಾಂತವನ್ನು ‘ಸಿಲ್ಲಿ ಸಫಕ್’ ಎಂದು ಹಾಸ್ಯ ಮಾಡುವ ರೂಢಿಯಿದೆ. ಅಲ್ಲಿನವರು ಮಾತ್ರ, ನಮ್ಮಲ್ಲಿ ಚರ್ಚುಗಳು ಬಹಳ, ಆದ್ದರಿಂದ ಇದು ಹಳೆಯ ಅರ್ಥದ ‘ಪಾವನ ಸಫಕ್’ ಎಂದು ಸಮರ್ಥಿಸಿಕೊಳ್ಳುತ್ತಾರೆ. ಸಮರ್ಥನೆ ನಿಜವಿರಲಿ ಬಿಡಲಿ, ಶಬ್ದದ ಪೂರ್ವಾಶ್ರಮವನ್ನು ನೆನಪಿಟ್ಟುಕೊಂಡಿದ್ದಾರಲ್ಲ, ಅದು ಮೆಚ್ಚತಕ್ಕದ್ದು.

ಭಾಷಾಶಾಸ್ತ್ರದ ಪುಸ್ತಕಗಳಲ್ಲಿ ಇಂಥ ಇಳಿತಕ್ಕೆ ‘ಹೀನಾರ್ಥ ಪ್ರಾಪ್ತಿ’ ಎಂದೂ ಏರುವಿಕೆಗೆ ‘ಉತ್ತಮಾರ್ಥ ಪ್ರಾಪ್ತಿ’ ಎಂದೂ ಹೆಸರು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಇಳಿತ ಏಕೆ ಆಯಿತೆಂಬುದನ್ನು ತಿಳಿಯಲು ನಮ್ಮ ಮನೆಯ ಮಾತೇ ಸಾಕು. ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಒಬ್ಬನನ್ನು ‘ಪಾಪದವನು’ ಎಂದರೆ ಪಾಪ ಮಾಡಿದವನೆಂದಲ್ಲ. ತದ್ವಿರುದ್ಧವಾಗಿ, ಪಾಪವೆಂದರೇನೆಂದೇ ತಿಳಿಯದ ಸಾಧು ಮನುಷ್ಯನೆಂದು ಅರ್ಥ. ಕೂಡಲೇ ಅದರಲ್ಲಿ ಇನ್ನೊಂದು ದನಿಯೂ ಇದೆ: ಅವನಿಗೆ ಏನೂ ತಿಳಿಯುವುದಿಲ್ಲ, ಅವನನ್ನು ಹೇಗೆ ಬೇಕಾದರೂ ಏಮಾರಿಸಬಹುದು. ‘ಸಾಧುಪ್ರಾಣಿ’ ಎಂದಾಗಲೂ ‘ದೇವರಂಥ ಮನುಷ್ಯ’ ಎಂದಾಗಲೂ ಈ ಎರಡನೆಯ ದನಿ ಎಲ್ಲೋ ಇಣುಕುತ್ತದೆ.

ನಮ್ಮ ಬಂಧುಗಳಲ್ಲಿ ಹಿರಿಯರಾದವರಿಗೆ ನಮ್ಮ ಚಿಕ್ಕಜ್ಜನ ನೆನಪಿರಬಹುದು. ಊರಿಗೆಲ್ಲ ಆತ ‘ಪಾಪದವ’. ತೋಟದ ಆಚೆಯವನು ವರ್ಷಕ್ಕೊಂದು ಮೊಳದಂತೆ ಬೇಲಿಯನ್ನು ಒಳಕ್ಕೆ ಸರಿಸುತ್ತಿದ್ದರೂ ಆತ ಮಾತಾಡುತ್ತಿರಲಿಲ್ಲ. ಕೊಟ್ಟ ಸಾಲವನ್ನು ಕೇಳುತ್ತಿರಲಿಲ್ಲ. ಮಕ್ಕಳಾದ ನಾವು ಅವನ ಎಲೆಯಡಿಕೆಯ ಸಂಚಿಯನ್ನು ಅಡಗಿಸಿಟ್ಟು, ಅವನು ಮನೆಯೆಲ್ಲ ಹುಡುಕುವುದನ್ನು ನೋಡಿ ನಗುತ್ತಿದ್ದೆವು. ನಾನು ಬಿ.ಎಡ್. ಮುಗಿಸಿದ ವರ್ಷ, ಓದಿದವನೆಂಬ ಗತ್ತಿನಿಂದ, “ಚಿಕ್ಕಜ್ಜ, ಬೇಲಿ ಸರಿದದ್ದು ನಿನಗೆ ಗೊತ್ತೇ ಆಗಲಿಲ್ಲವೇ?” ಎಂದು ಕೇಳಿದೆ. “ಗೊತ್ತಾಗದೆ ಏನು? ಅವನಿಗೆ ನಾಲ್ಕು ಮಕ್ಕಳು ಮಾರಾಯ. ನನಗೆ ಯಾರಿದ್ದಾರೆ?” ಎಂದ. ಅವನಿಗೆ ಎಲ್ಲವೂ ತಿಳಿದಿತ್ತು; ತಿಳಿಯದೆ ಇದ್ದದ್ದು ನಮಗೆ. ಸಂಚಿಯನ್ನು ನಾವೇ ಅಡಗಿಸಿದ್ದೆಂಬುದೂ ಅವನಿಗೆ ಗೊತ್ತಿತ್ತೆಂದು ಈಗ ನನಗನ್ನಿಸುತ್ತದೆ.

‘ಸೇಲಿಗ್’ ಎಂಬುದು ‘ಸಿಲ್ಲಿ’ಯಾದದ್ದು ಹೀಗೆಯೇ ಎಂದು ನನ್ನ ತಿಳಿವಳಿಕೆ. ಶಬ್ದ ತಾನಾಗಿ ಕೆಡಲಿಲ್ಲ. ತನ್ನ ಲಾಭವನ್ನು ನೋಡಿಕೊಳ್ಳದವನನ್ನು ಮೊದಲು ಧನ್ಯನೆಂದ ಲೋಕ, ನಿಧಾನವಾಗಿ ಅವನನ್ನು ದಡ್ಡನೆಂದಿತು. ಇದು ಇಂಗ್ಲಿಷರ ದೋಷ ಮಾತ್ರವೂ ಅಲ್ಲ. ಫ್ರೆಂಚರಲ್ಲಿ ‘ಬೆನೆ’ ಎಂದರೆ ಪೆದ್ದ; ಅದರ ಮೂಲ ಲ್ಯಾಟಿನ್ನಿನ ‘ಬೆನೆಡಿಕ್ಟಸ್’, ಎಂದರೆ ಆಶೀರ್ವಾದ ಪಡೆದವನು. ಇಂಗ್ಲಿಷಿನ ‘ಕ್ರೆಟಿನ್’ ಎಂಬ ಹೀನ ಬೈಗುಳ ಬಂದದ್ದು ಆಲ್ಪ್ಸ್ ಪರ್ವತದ ಕಣಿವೆಗಳಿಂದ. ಅಲ್ಲಿನ ಮಣ್ಣು ನೀರುಗಳಲ್ಲಿ ಅಯೋಡಿನ್ ಕೊರತೆಯಿದ್ದುದರಿಂದ ಗಳಗಂಡ ರೋಗದ ಜೊತೆಗೆ ದೇಹವೂ ಬುದ್ಧಿಯೂ ಬೆಳೆಯದ ಮಕ್ಕಳು ಹುಟ್ಟುತ್ತಿದ್ದರು. ಆ ಮಕ್ಕಳನ್ನು ಅಲ್ಲಿನವರು ತಮ್ಮ ಆಡುಮಾತಿನಲ್ಲಿ ‘ಕ್ರಿಶ್ಚಿಯನ್’ ಎಂದೇ ಕರೆದರು. ಇವರೂ ಪಶುಗಳಲ್ಲ, ನಮ್ಮಂತೆಯೇ ಮನುಷ್ಯರು ಎಂಬ ಕರುಣೆಯ ಮಾತು ಅದು. ಆ ಕರುಣೆಯ ಮಾತೇ ಸವೆದು ಬೈಗುಳವಾಯಿತು.

ಅಷ್ಟು ದೂರವೇಕೆ, ನಮ್ಮ ನೆಲದ ಉದಾಹರಣೆಯೇ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯ ಹೆಸರನ್ನು ಸಮಾಜ ವಿಜ್ಞಾನದ ಪಾಠದಲ್ಲಿ ನೀವೆಲ್ಲ ಓದಿದ್ದೀರಿ. ಮೌರ್ಯ ಚಕ್ರವರ್ತಿಯ ಶಾಸನಗಳಲ್ಲಿ ಸಾಮಾನ್ಯವಾಗಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇರುತ್ತವೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಈ ದೇವಾನಾಂಪ್ರಿಯ ಯಾರೆಂಬುದೇ ಪ್ರಶ್ನೆಯಾಯಿತು. ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಗುರುತಿಸಿದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಗಲ್ಲಿನ ಶಾಸನದಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೇ ದೊರೆತು, ಆ ಊಹೆಗೆ ಕಲ್ಲಿನ ಸಾಕ್ಷಿ ಸಿಕ್ಕಿತು. ‘ದೇವಾನಾಂಪ್ರಿಯ’ ಎಂದರೆ ದೇವತೆಗಳಿಗೆ ಪ್ರಿಯನಾದವನು. ಅದು ಎಷ್ಟು ಗೌರವದ ಬಿರುದೆಂದರೆ ಅಶೋಕನ ಸಮಕಾಲೀನನಾದ ಸಿಂಹಳದ ರಾಜ ತಿಸ್ಸನೂ ಅದನ್ನು ಧರಿಸಿದ್ದ.

ಇನ್ನು ಇದರ ಮುಂದಿನ ಗತಿಯನ್ನು ಕೇಳಿ. ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ‘ದೇವಾನಾಂಪ್ರಿಯ’ ಎಂದರೆ ಮೂರ್ಖ! ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿ ಪ್ರತಿವಾದಿಯನ್ನು ಹಂಗಿಸಲು ಈ ಮಾತು ಬಂದಿದೆ. ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತರಂತೂ ‘ಸಿದ್ಧಾಂತಕೌಮುದಿ’ಯಲ್ಲಿ ಈ ಸಮಾಸರೂಪ ಸಿದ್ಧಿಸುವುದು ಮೂರ್ಖನೆಂಬ ಅರ್ಥದಲ್ಲಿಯೆಂದೇ ವಿಧಿಸಿದ್ದಾರೆ. ಬೌದ್ಧ ದೊರೆಯ ಬಿರುದಾದ್ದರಿಂದ ವೈದಿಕರು ಹೀಗೆ ಅಣಕಿಸಿದರೆಂದು ಕೆಲವರು, ಹಾಗಲ್ಲ, ದೇವರಿಗೆ ಪ್ರಿಯರಾದವರು ಸರಳರಾಗಿರುತ್ತಾರೆ, ಸರಳರನ್ನು ಲೋಕ ಮೂರ್ಖರೆನ್ನುತ್ತದೆ ಎಂದು ಕೆಲವರು. ವಿದ್ವಾಂಸರ ವಾದ ಏನೇ ಇರಲಿ, ಬಂಡೆಯ ಮೇಲೆ ಕೆತ್ತಿಸಿದ ಬಿರುದಿಗೂ ‘ಸೇಲಿಗ್’ ಶಬ್ದಕ್ಕೂ ಆದದ್ದು ಒಂದೇ.

ಮೇಲಕ್ಕೇರಿದ ಶಬ್ದಗಳೇ ಇಲ್ಲವೆಂದಲ್ಲ. ಇಂದು ನಾವು ಎಲ್ಲದಕ್ಕೂ ಹೇಳುವ ‘ನೈಸ್’ ಎಂಬುದರ ಮೂಲ ಲ್ಯಾಟಿನ್ನಿನ ‘ನೆಸ್ಕಿಯಸ್’, ಎಂದರೆ ಏನೂ ಅರಿಯದವನು. ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಮೂರ್ಖ’ ಎಂದೇ ಇತ್ತು. ಅಲ್ಲಿಂದ ‘ಚಂಚಲ, ನಾಜೂಕು, ಸೂಕ್ಷ್ಮ’ ಎಂದೆಲ್ಲ ಬದಲಾಗುತ್ತ ಹದಿನೆಂಟನೆಯ ಶತಮಾನದ ಹೊತ್ತಿಗೆ ‘ಒಳ್ಳೆಯದು’ ಎಂಬಲ್ಲಿಗೆ ಮುಟ್ಟಿತು. ‘ಸಿಲ್ಲಿ’ ಇಳಿದ ಏಣಿಯನ್ನೇ ‘ನೈಸ್’ ಹತ್ತಿದೆ. ‘ಫಾಂಡ್’ ಎಂಬುದಕ್ಕೂ ಮೊದಲು ಮೂರ್ಖನೆಂದೇ ಅರ್ಥ. ಮೋಹದಿಂದ ಮಂಕಾದವನು ಎಂಬಲ್ಲಿಂದ ಪ್ರೀತಿಯುಳ್ಳವನು ಎಂಬಲ್ಲಿಗೆ ಅದು ಬಂತು.

ನಮ್ಮಲ್ಲಿ ಇದಕ್ಕೆ ಸುಂದರವಾದ ನಿದರ್ಶನ ‘ಮುಗ್ಧ’. ಸಂಸ್ಕೃತದ ‘ಮುಹ್’ ಧಾತುವಿಗೆ ದಿಕ್ಕು ತೋಚದಂತಾಗುವುದು ಎಂದು ಅರ್ಥ. ಆ ಒಂದೇ ಧಾತುವಿನಿಂದ ಒಂದೇ ಪ್ರತ್ಯಯ ಸೇರಿ ವಿಕಲ್ಪವಾಗಿ ಎರಡು ರೂಪಗಳಾಗುತ್ತವೆ: ಒಂದು ‘ಮೂಢ’, ಇನ್ನೊಂದು ‘ಮುಗ್ಧ’. ಅವಳಿ ಮಕ್ಕಳು. ಮೊದಲು ಎರಡಕ್ಕೂ ದಿಗ್ಭ್ರಮೆಗೊಂಡವನು, ಅರಿವಿಲ್ಲದವನು ಎಂದೇ ಅರ್ಥ. ಹದಿಮೂರನೆಯ ಶತಮಾನದಲ್ಲಿ ಬೋಪದೇವ ಬರೆದ ವ್ಯಾಕರಣಕ್ಕೆ ‘ಮುಗ್ಧಬೋಧ’ ಎಂಬ ಹೆಸರಿರುವುದು ಅರಿಯದವರಿಗೆ ತಿಳಿಸುವಂಥದು ಎಂಬ ಅರ್ಥದಲ್ಲಿಯೇ. ಆದರೆ ಕಾವ್ಯಗಳ ಸಹವಾಸದಲ್ಲಿ ‘ಮುಗ್ಧ’ ನಿಷ್ಕಪಟ, ಮನೋಹರ ಎಂದಾಯಿತು. ಇಂದು ಮಗುವಿನ ನಗುವನ್ನು ಮುಗ್ಧವೆಂದು ಹೊಗಳುತ್ತೇವೆ. ಅದರ ಅವಳಿಯನ್ನು ಮೂಢನಂಬಿಕೆಗೆ ಮೀಸಲಿಟ್ಟಿದ್ದೇವೆ. ಡಿ.ವಿ.ಜಿ.ಯವರು 1943ರಲ್ಲಿ ಪ್ರಕಟವಾದ ತಮ್ಮ ಕೃತಿಗೆ ‘ಮಂಕುತಿಮ್ಮನ ಕಗ್ಗ’ ಎಂದು ಹೆಸರಿಟ್ಟ ಮೇಲೆ ‘ಮಂಕು’ ಎಂಬ ಬೈಗುಳಕ್ಕೂ ಒಂದು ಗಾಂಭೀರ್ಯ ಬಂತು. ಕೇಳಿದವರಿಗೆ ಕೇಳಿದ ವರ ಕೊಟ್ಟು, ಭಸ್ಮಾಸುರನಿಂದ ತಾನೇ ಓಡಬೇಕಾಗಿ ಬಂದ ಶಿವನನ್ನು ನಾವು ‘ಭೋಳಾಶಂಕರ’ ಎಂದು ಕೈಮುಗಿದೇ ಕರೆಯುತ್ತೇವಲ್ಲವೇ?

ಇನ್ನು ‘ಸಿಲ್ಲಿ’ಯ ಇಂದಿನ ನುಡಿಗಟ್ಟುಗಳನ್ನು ನೋಡೋಣ. ನಿಮಗೆ ಬಹಳ ಪರಿಚಿತವಾದದ್ದು ಕ್ರಿಕೆಟಿನದು. ‘ಸಿಲ್ಲಿ ಪಾಯಿಂಟ್’, ‘ಸಿಲ್ಲಿ ಮಿಡ್ ಆನ್’, ‘ಸಿಲ್ಲಿ ಮಿಡ್ ಆಫ್’ ಎಂಬವು ಬ್ಯಾಟುಗಾರನ ಮೂಗಿನ ಕೆಳಗೇ ನಿಲ್ಲುವ ಜಾಗಗಳು. ಅಷ್ಟು ಹತ್ತಿರ ನಿಲ್ಲುವುದು ಹುಚ್ಚುಸಾಹಸವೆಂದು ಆ ಹೆಸರು. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟಾಗ, ಹೆಲ್ಮೆಟ್ಟಿಲ್ಲದೆ ಬ್ಯಾಟಿಗಂಟಿಕೊಂಡಂತೆ ಶಾರ್ಟ್ ಲೆಗ್ಗಿನಲ್ಲಿ ನಿಂತು ಕ್ಯಾಚು ಹಿಡಿದವರು ಏಕನಾಥ ಸೋಲ್ಕರ್. ಆಗ ಹೈಸ್ಕೂಲಿನ ಹುಡುಗನಾಗಿದ್ದ ನನಗೆ ಅದು ಶೌರ್ಯದ ಜಾಗವೆನಿಸಿತ್ತು. 1998ರಲ್ಲಿ ಢಾಕಾದಲ್ಲಿ ರಮಣ್ ಲಾಂಬಾ ಅಂಥದೇ ಜಾಗದಲ್ಲಿ ಹೆಲ್ಮೆಟ್ಟಿಲ್ಲದೆ ನಿಂತಿದ್ದಾಗ ಚೆಂಡು ತಲೆಗೆ ಬಡಿದು ಮೂರು ದಿನಗಳಲ್ಲಿ ತೀರಿಕೊಂಡರು. ಬರಿಗೈಯಲ್ಲಿ ಅಪಾಯದೆದುರು ನಿಂತವನಿಗೆ ‘ಅಸಹಾಯಕ’ ಎಂಬ ಹಳೆಯ ಅರ್ಥವೇ ಹೆಚ್ಚು ಒಪ್ಪುತ್ತದೆಂದು ಅಂದಿನಿಂದ ನನಗೆ ತೋರುತ್ತದೆ.

‘ಸಿಲ್ಲಿ ಸೀಸನ್’ ಎಂಬುದು ಪತ್ರಿಕೆಯವರ ಮಾತು. ಬೇಸಿಗೆಯಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ರಜೆ, ದೊಡ್ಡವರೆಲ್ಲ ಊರು ಬಿಟ್ಟಿರುತ್ತಾರೆ, ಬರೆಯಲು ಸುದ್ದಿಯಿಲ್ಲ. ಆಗ ಕ್ಷುಲ್ಲಕ ವಿಷಯಗಳಿಂದ ಪುಟ ತುಂಬಿಸುವ ಕಾಲಕ್ಕೆ 1861ರಲ್ಲಿ ‘ಸ್ಯಾಟರ್‌ಡೇ ರಿವ್ಯೂ’ ಪತ್ರಿಕೆ ಈ ಹೆಸರಿಟ್ಟಿತು. ಜರ್ಮನರು ಇದನ್ನು ‘ಉಪ್ಪಿನಕಾಯಿ ಸೌತೆಯ ಕಾಲ’ ಎನ್ನುತ್ತಾರೆ. ಇಂದಿನ ದೂರದರ್ಶನ ವಾಹಿನಿಗಳಿಗೆ ವರ್ಷವಿಡೀ ಅದೇ ಋತುವೆಂದು ನೀವು ಹೇಳಬಹುದು. ಕ್ರಿಯಾಪದದ ಹಿಂದೆ ‘ಸಿಲ್ಲಿ’ ಸೇರಿದರೆ ಎಚ್ಚರ ತಪ್ಪುವಷ್ಟು ಎಂದರ್ಥ: ನಕ್ಕು ನಕ್ಕು ಸುಸ್ತಾಗುವುದು, ಕುಡಿದು ಮೈಮರೆಯುವುದು, ಹೆದರಿ ಜೀವ ಹಾರುವುದು ಎಲ್ಲಕ್ಕೂ ಇದು ಒದಗುತ್ತದೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಡೋಂಟ್ ಬಿ ಸಿಲ್ಲಿ’. ಬಂದ ನೆಂಟ ಊಟಕ್ಕೆ ಸಂಕೋಚಪಟ್ಟಾಗ, ಮಗಳು ವಿನಾಕಾರಣ ಅತ್ತಾಗ ಹೇಳುವ ಮಾತದು. ನಮ್ಮ ತಾಯಂದಿರು “ಏ ಪೆದ್ದೀ, ಯಾಕೆ ಅಳ್ತೀಯ?” ಎನ್ನುವಲ್ಲಿನ ಅಕ್ಕರೆಯೇ ಅಲ್ಲಿದೆ. ಬೈಗುಳವಾದ ಶಬ್ದ ಪ್ರೀತಿಯವರ ಬಾಯಲ್ಲಿ ಮತ್ತೆ ಸ್ವಲ್ಪ ಹರಕೆಯಾಗುತ್ತದೆ.

ನಾನು ಕೆಂಪು ಶಾಯಿಯಲ್ಲಿ ಬರೆದದ್ದೂ ಆ ಅಕ್ಕರೆಯಿಂದಲೇ ಎಂದು ವಾದಿಸಬಹುದಾಗಿತ್ತು. ಆದರೆ ತಾಯಿ ಹೇಳುವಾಗ ಮಗುವಿಗೆ ಅವಳ ಮುಖ ಕಾಣುತ್ತದೆ, ದನಿ ಕೇಳುತ್ತದೆ. ನನ್ನ ಶಬ್ದಕ್ಕೆ ಮುಖವೂ ಇರಲಿಲ್ಲ, ದನಿಯೂ ಇರಲಿಲ್ಲ. ಬರೀ ಶಾಯಿಯ ಬಣ್ಣವಿತ್ತು. ಅದು ಒಂದು ಹಳ್ಳಿಗೆ ಹೋಗಿ, ಬೇರೊಬ್ಬರ ಬಾಯಲ್ಲಿ ‘ಪೆದ್ದ’ ಎಂದು ಅನುವಾದವಾಯಿತು. ಅನುವಾದದಲ್ಲಿ ತಪ್ಪಿಲ್ಲ. ಹೊಸ ಅರ್ಥವೇ ಅದು.

ಮದುವೆಯ ದಿನ ಆತನನ್ನು ಒಂದು ಕಡೆ ಕರೆದು, “ಅಂದು ನೀನು ಮಾಡಿದ್ದ ತಪ್ಪು ಏನಪ್ಪಾ, ನೆನಪಿದೆಯೇ?” ಎಂದು ಕೇಳಿದೆ. ನೆನಪಿತ್ತು. ‘ನನ್ನ ತಂದೆಯ ಹತ್ತಿರ ಎರಡು ಎತ್ತುಗಳಿವೆ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಆಕ್ಸನ್’ ಎನ್ನಬೇಕಾದಲ್ಲಿ ‘ಆಕ್ಸಸ್’ ಎಂದು ಬರೆದಿದ್ದನಂತೆ. ನನಗೆ ಮಾತು ಹೊರಡಲಿಲ್ಲ. ‘ಬಾಕ್ಸ್’ಗೆ ‘ಬಾಕ್ಸಸ್’, ‘ಫಾಕ್ಸ್’ಗೆ ‘ಫಾಕ್ಸಸ್’ ಎಂದು ಕರಿಹಲಗೆಯ ಮೇಲೆ ಬರೆದು ನಿಯಮ ಕಲಿಸಿದವನು ನಾನೇ. ಹುಡುಗ ಆ ನಿಯಮವನ್ನು ತನ್ನ ಮನೆಯ ಎತ್ತುಗಳಿಗೆ ಸರಿಯಾಗಿಯೇ ಅನ್ವಯಿಸಿದ್ದ. ಹಳೆಯ ಇಂಗ್ಲಿಷಿನಲ್ಲಿ ಎಷ್ಟೋ ನಾಮಪದಗಳಿಗೆ ‘ಅನ್’ ಎಂದು ಕೊನೆಗೊಳ್ಳುವ ಬಹುವಚನವಿತ್ತು. ಕಾಲಕ್ರಮದಲ್ಲಿ ಅವೆಲ್ಲ ಅಳಿದು, ‘ಎತ್ತು’, ‘ಮಗು’ ಮುಂತಾದ ಒಂದೆರಡರಲ್ಲಿ ಮಾತ್ರ ಅಂಥ ರೂಪ ಉಳಿಯಿತು. ಹದಿನಾಲ್ಕು ವರ್ಷದ ಹುಡುಗನಿಗೆ ಇದು ಹೇಗೆ ತಿಳಿಯಬೇಕು? ಅವನದು ಬುದ್ಧಿಯಿಲ್ಲದವನ ತಪ್ಪಲ್ಲ, ಬುದ್ಧಿ ಉಪಯೋಗಿಸಿದವನ ತಪ್ಪು. ಎರಡು ನಿಮಿಷ ನಿಂತು ಹೇಳಿಕೊಡಬೇಕಾದಲ್ಲಿ ನಾನು ಒಂದು ಶಬ್ದ ಬರೆದು ಮುಂದಿನ ಪುಸ್ತಕವನ್ನು ಎತ್ತಿಕೊಂಡಿದ್ದೆ.

ಇದನ್ನೆಲ್ಲ ಅವನಿಗೆ ಹೇಳಿ, ತಪ್ಪಾಯಿತೆಂದೆ. “ಬಿಡಿ ಸಾರ್, ಎಷ್ಟು ಹಳೇ ಮಾತು” ಎಂದು ನನ್ನ ಕೈ ಹಿಡಿದುಕೊಂಡು ಊಟದ ಸಾಲಿನಲ್ಲಿ ಕೂರಿಸಿದ. ಹೇಳಬೇಕಾದ ಇನ್ನೊಬ್ಬರು ಅವನ ತಂದೆ. ಅವರು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಮಗ ತಮ್ಮ ಬಗ್ಗೆ ಬರೆದದ್ದು ಚೆನ್ನಾಗಿತ್ತೆಂದು ಅವರಿಗೆ ಯಾರೂ ಹೇಳಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಅಧ್ಯಾಪಕರಾಗಿದ್ದೀರಿ, ಎಲ್ಲರೂ ತಂದೆತಾಯಿಗಳಾಗಿದ್ದೀರಿ. ಮಕ್ಕಳ ಪುಸ್ತಕದಲ್ಲಿ ತಪ್ಪು ಕಂಡಾಗ ಅದು ಹೇಗೆ ಬಂತೆಂದು ಮೊದಲು ಕೇಳಿರಿ. ಹತ್ತರಲ್ಲಿ ಆರು ಸಲ ಅದರ ಹಿಂದೆ ಒಂದು ಯೋಚನೆ ಇರುತ್ತದೆ. ಮತ್ತು ನಿಮ್ಮಲ್ಲಿ ಯಾರ ಹಳೆಯ ಪುಸ್ತಕದ ಅಂಚಿನಲ್ಲಾದರೂ ನನ್ನ ಕೆಂಪು ಶಾಯಿಯ ಆ ಶಬ್ದ ಇನ್ನೂ ಉಳಿದಿದ್ದರೆ, ದಯವಿಟ್ಟು ಅದನ್ನು ಸಾವಿರ ವರ್ಷದ ಹಿಂದಿನ ಅರ್ಥದಲ್ಲಿ ಓದಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.